ಮೆಟ್ಟಿಲ್ಲದ ಗಿಟಾರು: ಕೊಳ್ಳುವುದು ಹೇಗೆ, ನುಡಿಸುವುದು ಹೇಗೆ

ಈಗ ನಾನು ನುಡಿಸಿದ ಪುಟ್ಟ ಆಲಾಪ ಮುಗಿಯುತ್ತಿದ್ದಂತೆ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಪಕ್ಕದವರನ್ನು "ಇದು ಗಿಟಾರೋ, ಸರೋದೋ?" ಎಂದು ಕೇಳಿದ್ದು ನನ್ನ ಕಿವಿಗೂ ಬಿತ್ತು. ಆ ಪ್ರಶ್ನೆಯಿಂದಲೇ ಮಾತು ಆರಂಭಿಸುತ್ತೇನೆ. ಈ ವಾದ್ಯವನ್ನು ಕೊಳ್ಳಲು ಹೊರಡುವವರಲ್ಲಿ ಹೆಚ್ಚಿನವರು ಅದನ್ನು ಗಿಟಾರೆಂದೇ ತಿಳಿದು ಕೊಳ್ಳುತ್ತಾರೆ. ತಮಗೆ ಗೊತ್ತಿರುವ ಹಾಡುಗಳನ್ನು, ಗೊತ್ತಿರುವ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ಅದರ ಮೇಲೆ ನುಡಿಸಲು ಯತ್ನಿಸಿ, ಎರಡು ಮೂರು ತಿಂಗಳಲ್ಲಿ ನಿರಾಶರಾಗಿ ಮೂಲೆಗಿಡುತ್ತಾರೆ. ನಾನು ಕಂಡಂತೆ, ಇದನ್ನು ಆರು ತಂತಿಯ ಇನ್ನೊಂದು ಬಗೆಯ ಸರೋದೆಂದು, ಅಂದರೆ ಮೆಟ್ಟಿಲ್ಲದ ಆ ಹಿಂದೂಸ್ತಾನಿ ತಂತಿವಾದ್ಯವೆಂದು, ಭಾವಿಸಿ ಕೊಂಡವರ ಕೈಯಲ್ಲಿ ಮಾತ್ರ ಅದು ಉಳಿದಿದೆ. ಆದ್ದರಿಂದ ಇಂದು ನಾನು ಹೇಳುವ ಪ್ರತಿಯೊಂದು ಸಲಹೆಯೂ, ಅದು ಮರದ ಬಗ್ಗೆ ಇರಲಿ, ತಂತಿಯ ಬಗ್ಗೆ ಇರಲಿ, ಈ ಒಂದು ತಿಳಿವಳಿಕೆಯಿಂದಲೇ ಹೊರಡುತ್ತದೆ.

ವೀಣೆಯವರು ಮೆಟ್ಟು ಎನ್ನುವುದನ್ನೇ ಗಿಟಾರಿನವರು ಫ್ರೆಟ್ ಎನ್ನುತ್ತಾರೆ. ವೀಣೆಯಲ್ಲಿ ಇಪ್ಪತ್ತನಾಲ್ಕು ಮೆಟ್ಟುಗಳನ್ನು ಮೇಣದ ಮೇಲೆ ಕೂರಿಸಿದರೆ, ಗಿಟಾರಿನಲ್ಲಿ ಫಿಂಗರ್‌ಬೋರ್ಡಿಗೆ, ಅಂದರೆ ಬೆರಳೊತ್ತುವ ಹಲಗೆಗೆ, ಗರಗಸದಿಂದ ಗೀರು ಹಾಕಿ, ಆ ಗೀರುಗಳೊಳಗೆ ಲೋಹದ ಪಟ್ಟಿಗಳನ್ನು ಬಡಿದು ಕೂರಿಸುತ್ತಾರೆ. ಮೆಟ್ಟು ಎರಡು ಕೆಲಸ ಮಾಡುತ್ತದೆ. ಸ್ವರ ಎಲ್ಲಿ ನಿಲ್ಲಬೇಕೆಂಬುದನ್ನು ನಿಗದಿ ಮಾಡುವುದು ಮೊದಲನೆಯದು. ಇದು ಎಲ್ಲರಿಗೂ ಗೊತ್ತು. ಕಂಪಿಸುವ ತಂತಿಗೆ ಚೂಪಾದ, ಗಟ್ಟಿಯಾದ ಒಂದು ಅಂಚನ್ನು ಕೊಡುವುದು ಎರಡನೆಯದು. ಇದನ್ನು ಹೆಚ್ಚಿನವರು ಯೋಚಿಸಿಯೇ ಇರುವುದಿಲ್ಲ. ಮೆಟ್ಟಿರುವ ಗಿಟಾರಿನಲ್ಲಿ ಬೆರಳು ಮೆಟ್ಟಿನ ಹಿಂದೆ ಒತ್ತುತ್ತದೆ, ತಂತಿ ಲೋಹದ ಮೇಲೆ ನಿಂತು ಕಂಪಿಸುತ್ತದೆ. ಮೆಟ್ಟನ್ನು ತೆಗೆದುಬಿಟ್ಟರೆ ತಂತಿಯ ಒಂದು ತುದಿ ನಮ್ಮ ಬೆರಳಿನ ಮಾಂಸದ ಮೇಲೆಯೇ ನಿಲ್ಲುತ್ತದೆ. ಮಾಂಸ ಮೆತ್ತಗಿನ ವಸ್ತು. ಅದು ನಾದದ ಮೇಲಿನ ಅಂಶಗಳನ್ನು, ಅಂದರೆ ಹೊಳಪನ್ನು, ಬೇಗ ಹೀರಿಬಿಡುತ್ತದೆ. ಹಾಗಾಗಿ ಮೆಟ್ಟಿಲ್ಲದ ಗಿಟಾರಿನ ನಾದ ದುಂಡಗಿರುತ್ತದೆ, ಮೃದುವಾಗಿರುತ್ತದೆ, ಆದರೆ ಅಲ್ಪಾಯುಷಿಯಾಗಿರುತ್ತದೆ. ಕೊಳ್ಳುವಾಗ ನಾವು ಮಾಡುವ ಎಲ್ಲ ಆಯ್ಕೆಗಳೂ ಈ ಆಯುಷ್ಯವನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿಯೇ ಇರುತ್ತವೆ.

ಹಾಗಾದರೆ ಮಂದ್ರ ಸ್ವರಗಳ ಬೇಸ್ ಗಿಟಾರಿನಲ್ಲಿ ಮೆಟ್ಟಿಲ್ಲದ ವಾದ್ಯ ಇಷ್ಟು ಜನಪ್ರಿಯವಾದದ್ದು ಹೇಗೆ ಎಂದು ನೀವು ಕೇಳಬಹುದು. ಬೇಸಿನ ತಂತಿ ದಪ್ಪ, ಉದ್ದ; ಸಾಮಾನ್ಯ ಬೇಸಿನಲ್ಲಿ ಕಂಪಿಸುವ ತಂತಿಯ ಉದ್ದವೇ 864 ಮಿಲಿಮೀಟರು. ಬೆರಳು ಸ್ವಲ್ಪ ಹೀರಿಕೊಂಡರೂ ಅಷ್ಟು ಭಾರದ ತಂತಿಯಲ್ಲಿ ಇನ್ನೂ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಫೆಂಡರ್ ಜಾಝ್ ಬೇಸಿನ ಮೆಟ್ಟುಗಳನ್ನು ತೆಗೆದು, ಗೀರುಗಳನ್ನು ತುಂಬಿ, ಅದರ ಮೇಲೆ ದೋಣಿಗಳಿಗೆ ಬಳಿಯುವ, ಒಣಗಿ ಗಟ್ಟಿಯಾಗುವ ಎಪಾಕ್ಸಿ ಎಂಬ ರಾಳವನ್ನು ಬಳಿದಿದ್ದರು. 1976ರಲ್ಲಿ ಬಂದ ಅವರ ಮೊದಲ ಆಲ್ಬಂ ಕೇಳಿದವರು ಆ ನಾದವನ್ನು ಮರೆಯುವುದಿಲ್ಲ. ಎಪಾಕ್ಸಿಯಿಂದ ಎರಡು ಪ್ರಯೋಜನಗಳಿದ್ದವು: ಒರಟು ಸುತ್ತಿನ ತಂತಿ ಮರವನ್ನು ತಿನ್ನದಂತೆ ಅದು ಕಾಪಾಡಿತು, ಗಾಜಿನಂತೆ ಗಟ್ಟಿಯಾದ ಮೇಲ್ಮೈಯಿಂದಾಗಿ ನಾದ ಮಿನುಗಿತು. ಅಲ್ಲಿ ಕೇಳುವ, ಹಾಡುವ ಗಂಟಲಿನಂತಹ ಆ ಗುಂಯ್‌ಗುಡುವಿಕೆಯ ಕಾರಣ ನಮಗೆ ಅಪರಿಚಿತವೇನಲ್ಲ. ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರವನ್ನು ಸರಿಪಡಿಸುವಾಗ ನಾವು ಮಾಡುವುದೇನು? ತಂತಿ ಕಂಪಿಸುತ್ತಾ ಕುದುರೆಯ ಅಗಲವಾದ ಬೆನ್ನನ್ನು ನವಿರಾಗಿ ಸವರಿಹೋಗುವಂತೆ ಮಾಡುತ್ತೇವೆ. ಮೆಟ್ಟಿಲ್ಲದ ಬೇಸಿನಲ್ಲಿ ಬೆರಳಿನ ಮುಂದಿರುವ ಫಿಂಗರ್‌ಬೋರ್ಡು ಅದೇ ರೀತಿ ತಂತಿಗೆ ತಾಗಿತಾಗಿ ಜೀವ ಕೊಡುತ್ತದೆ.

ಸಣ್ಣ ತಂತಿಗಳ ಗಿಟಾರಿಗೆ ಇಷ್ಟು ಸಾಲುವುದಿಲ್ಲ. ಅದಕ್ಕೆ ದೊರೆತ ಪರಿಹಾರವನ್ನು ನಮ್ಮ ಸರೋದ್ ವಾದಕರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಸರೋದಿನ ಪೂರ್ವಜವಾದ ರಬಾಬಿನಲ್ಲಿ ಮರದ ಹಲಗೆ, ಕರುಳಿನ ತಂತಿ. ಸರೋದಾಗುವಾಗ ಹಲಗೆಯ ಜಾಗದಲ್ಲಿ ನುಣುಪಾದ ಲೋಹದ ತಗಡು ಬಂತು, ತಂತಿಯೂ ಲೋಹದ್ದಾಯಿತು, ಬಹುತೇಕ ವಾದಕರು ಎಡಗೈ ಉಗುರಿನ ಅಂಚಿನಿಂದ ತಂತಿಯನ್ನು ತಡೆಯತೊಡಗಿದರು. ಲೋಹದ ಮೇಲೆ ಉಗುರು: ಮೆಟ್ಟಿನ ಎರಡನೆಯ ಕೆಲಸವನ್ನು ವಾದಕ ತನ್ನ ಬೆರಳ ತುದಿಯಲ್ಲಿಯೇ ಹೊತ್ತುಕೊಂಡು ಓಡಾಡಿದಂತೆ. ಮೈಸೂರಿನಲ್ಲಿ ನೆಲೆಸಿ 2024ರಲ್ಲಿ ನಮ್ಮನ್ನಗಲಿದ ರಾಜೀವ ತಾರಾನಾಥರ ಸರೋದನ್ನು ಎದುರಿಗೆ ಕುಳಿತು ಕೇಳಿದ ಅದೃಷ್ಟವಂತರು ಈ ಸಭೆಯಲ್ಲಿ ಹಲವರಿರಬೇಕು. ಷಡ್ಜದಿಂದ ಪಂಚಮಕ್ಕೆ ಅವರು ಎಳೆಯುತ್ತಿದ್ದ ಮೀಂಡಿನಲ್ಲಿ, ಅಂದರೆ ಜಾರಿನಲ್ಲಿ, ನಾದ ನಡುವೆ ಎಲ್ಲಿಯೂ ಸಾಯುತ್ತಿರಲಿಲ್ಲ. ಈ ಗಿಟಾರಿನಲ್ಲಿ ನಾನು ಬೆನ್ನಟ್ಟುತ್ತಿರುವುದೂ ಅದನ್ನೇ.

ಫ್ರಾನ್ಸಿನ ವಿಜಿಯೆ ಸಂಸ್ಥೆಯ ಸರ್ಫ್ರೆಟರ್ ಎಂಬ ಮೆಟ್ಟಿಲ್ಲದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಫಿಂಗರ್‌ಬೋರ್ಡು ಲೋಹದ್ದು. ಅಮೆರಿಕದ ರಾನ್ ಥಾಲ್, ಬಂಬಲ್‌ಫುಟ್ ಎಂಬ ಹೆಸರಿನಿಂದ ಪ್ರಸಿದ್ಧರಾದವರು, ರಾಕ್ ಸಂಗೀತದ ದೊಡ್ಡ ವೇದಿಕೆಗಳಿಗೆ ಇದನ್ನು ಕೊಂಡೊಯ್ದರು. ಅದಕ್ಕೂ ಮೊದಲು, 1970ರ ದಶಕದಲ್ಲಿಯೇ, ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಜಾಪಾ ಮೆಟ್ಟಿಲ್ಲದ ಎಲೆಕ್ಟ್ರಿಕ್ ಗಿಟಾರನ್ನು ಧ್ವನಿಮುದ್ರಣಗಳಲ್ಲಿ ಬಳಸಿದ್ದರು. ಆದರೆ ನನಗೆ ಇವರೆಲ್ಲರಿಗಿಂತ ಹತ್ತಿರದವರಾಗಿ ಕಾಣುವವರು ಟರ್ಕಿಯ ಎರ್ಕಾನ್ ಓವುರ್. 1976ರಲ್ಲಿ ಅವರು ಕ್ಲಾಸಿಕಲ್ ಗಿಟಾರಿನ ಮೆಟ್ಟುಗಳನ್ನು ತೆಗೆದದ್ದು ಹೊಸತನದ ಹಂಬಲಕ್ಕಲ್ಲ. ತಮ್ಮ ನಾಡಿನ ಮಕಾಮ್ ಸಂಗೀತಕ್ಕೆ ಬೇಕಾದ ಸೂಕ್ಷ್ಮ ಸ್ವರಗಳು ಗಿಟಾರಿನ ಹನ್ನೆರಡು ಮನೆಗಳಲ್ಲಿ ಇರಲಿಲ್ಲ, ಅದಕ್ಕೆ. ನಮ್ಮ ಕಷ್ಟವೂ ಅದೇ ಜಾತಿಯದು. ಆ ಕಷ್ಟ ಎಷ್ಟು ದೊಡ್ಡದು ಎಂಬುದನ್ನು ಅಳತೆಪಟ್ಟಿ ಹಿಡಿದೇ ನೋಡಬಹುದು, ಮತ್ತು ಕೊಳ್ಳುವ ವಿಚಾರಕ್ಕೆ ಹೋಗುವ ಮೊದಲು ಅದನ್ನು ನೋಡಲೇಬೇಕು.

ನನ್ನ ಕೈಯಲ್ಲಿರುವ ಈ ಗಿಟಾರಿನ ತಂತಿಯ ಉದ್ದ 648 ಮಿಲಿಮೀಟರು. ತಂತಿಗಳು ನೆಕ್‌ನ, ಅಂದರೆ ಗಿಟಾರಿನ ಉದ್ದನೆಯ ಕೊರಳಿನ, ಮೇಲ್ತುದಿಯಲ್ಲಿ ಕುಳಿತುಕೊಳ್ಳುವ ಸಣ್ಣ ಪಟ್ಟಿಯನ್ನು ನಟ್ ಎನ್ನುತ್ತಾರೆ. ಅಲ್ಲಿಂದ ಬ್ರಿಡ್ಜಿನವರೆಗಿನ, ಅಂದರೆ ಗಿಟಾರಿನ ಕುದುರೆಯವರೆಗಿನ, ಅಳತೆ ಇದು. ಖಾಲಿ ತಂತಿಯನ್ನು ಷಡ್ಜವೆಂದು ಇಟ್ಟುಕೊಳ್ಳಿ. ತಂತಿಯ ಅರ್ಧಕ್ಕೆ, ಅಂದರೆ 324 ಮಿಲಿಮೀಟರಿಗೆ, ತಾರ ಷಡ್ಜ. ಮೂರನೆಯ ಒಂದು ಭಾಗಕ್ಕೆ, 216ಕ್ಕೆ, ಪಂಚಮ. ನಾಲ್ಕನೆಯ ಒಂದು ಭಾಗಕ್ಕೆ, 162ಕ್ಕೆ, ಶುದ್ಧ ಮಧ್ಯಮ. ಐದನೆಯ ಒಂದು ಭಾಗಕ್ಕೆ ಅಂತರ ಗಾಂಧಾರ, ಆರನೆಯದಕ್ಕೆ ಸಾಧಾರಣ ಗಾಂಧಾರ, ಒಂಬತ್ತನೆಯದಕ್ಕೆ ಚತುಶ್ರುತಿ ರಿಷಭ. ತಂತಿಯನ್ನು ಇಷ್ಟು ಸರಳವಾಗಿ ಭಾಗ ಮಾಡಿದರೆ ತಂಬೂರಿಯೊಂದಿಗೆ ಕಲೆಯುವ ಸ್ವರಗಳು ತಾವಾಗಿಯೇ ಸಿಗುತ್ತವೆ. ಈಗ ಮೆಟ್ಟಿರುವ ಗಿಟಾರನ್ನು ಪಕ್ಕದಲ್ಲಿಟ್ಟು ಅಳೆಯೋಣ. ಏಳನೆಯ ಮೆಟ್ಟು 215.5 ಮಿಲಿಮೀಟರಿನಲ್ಲಿದೆ, ಪಂಚಮಕ್ಕೂ ಅದಕ್ಕೂ ಅರ್ಧ ಮಿಲಿಮೀಟರಿನ ಅಂತರ, ಕಿವಿಗೆ ಲೆಕ್ಕಕ್ಕಿಲ್ಲ. ಆದರೆ ಅಂತರ ಗಾಂಧಾರ ಬರಬೇಕಾದದ್ದು 129.6ರಲ್ಲಿ, ನಾಲ್ಕನೆಯ ಮೆಟ್ಟಿರುವುದು 133.7ರಲ್ಲಿ. ನಾಲ್ಕು ಮಿಲಿಮೀಟರುಗಳ ವ್ಯತ್ಯಾಸ. ಗಿಟಾರಿನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಅಷ್ಟು ಏರಿದೆ. ಅರ್ಧ ಸ್ವರದ ನೂರನೆಯ ಒಂದು ಭಾಗವನ್ನು ಸೆಂಟ್ ಎನ್ನುವ ಲೆಕ್ಕದಲ್ಲಿ ಹೇಳಿದರೆ 14 ಸೆಂಟ್. ಸಾಧಾರಣ ಗಾಂಧಾರದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು, ಸುಮಾರು ಐದು ಮಿಲಿಮೀಟರು, ಅದೂ ತಿರುಗಿದ ದಿಕ್ಕಿನಲ್ಲಿ: ಮೂರನೆಯ ಮೆಟ್ಟಿನ ಸ್ವರ ಇಳಿದಿದೆ. ಮೆಟ್ಟಿರುವ ಗಿಟಾರಿನಲ್ಲಿ ಶ್ರುತಿ ಮಾಡಿಕೊಂಡು ತಂಬೂರಿಯ ಜೊತೆ ಕಲ್ಯಾಣಿ ನುಡಿಸಿದಾಗ ಎಲ್ಲ ಸರಿಯಿದ್ದೂ ಏನೋ ಒಂದು ಕೂರದ ಅನುಭವ ನಿಮಗಾಗಿದ್ದರೆ, ಅದರ ಕಾರಣ ನಿಮ್ಮ ಕೈಯಲ್ಲ, ಈ ನಾಲ್ಕು ಮಿಲಿಮೀಟರುಗಳು.

ಪಾಶ್ಚಾತ್ಯ ಸಂಗೀತಗಾರರು ಮೆಟ್ಟಿನ ಗಿಟಾರಿನ ಆ ಶ್ರುತಿಯನ್ನು, ಅಂದರೆ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವ ಕ್ರಮವನ್ನು, ಒಪ್ಪಿಕೊಂಡದ್ದಕ್ಕೆ ಒಳ್ಳೆಯ ಕಾರಣವಿದೆ: ಯಾವ ಸ್ವರವನ್ನು ಆಧಾರವಾಗಿಟ್ಟುಕೊಂಡರೂ ಕಾರ್ಡ್‌ಗಳು ಒಂದೇ ರೀತಿ ಕೇಳಬೇಕು. ಹಾಗಾಗಿ ಮೆಟ್ಟು ತಪ್ಪು, ಮೆಟ್ಟಿಲ್ಲದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕೀಬೋರ್ಡಿನ ಜೊತೆ ಬ್ಯಾಂಡಿನಲ್ಲಿ ನುಡಿಸುವಾಗ ನಾನೂ ಗಾಂಧಾರವನ್ನು ಆ ನಾಲ್ಕು ಮಿಲಿಮೀಟರಿನಷ್ಟು ಮೇಲೆಯೇ ಹಿಡಿಯುತ್ತೇನೆ, ಇಲ್ಲದಿದ್ದರೆ ಕೇಳುವವರಿಗೆ ನನ್ನದೇ ಅಪಸ್ವರವೆನಿಸುತ್ತದೆ. ಮೆಟ್ಟಿಲ್ಲದ ಗಿಟಾರು ಎರಡಕ್ಕೂ ಅವಕಾಶ ಕೊಡುತ್ತದೆ, ಆಯ್ಕೆಯನ್ನು ನಮ್ಮ ಕಿವಿಗೆ ಬಿಡುತ್ತದೆ.

ಈಗ ಕೊಳ್ಳುವ ವಿಚಾರ. ನಮ್ಮ ಊರುಗಳ ಅಂಗಡಿಗಳಲ್ಲಿ ಮೆಟ್ಟಿಲ್ಲದ ಬೇಸ್ ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ, ಮೆಟ್ಟಿಲ್ಲದ ಎಲೆಕ್ಟ್ರಿಕ್ ಗಿಟಾರು ಬೀಳುವುದಿಲ್ಲ. ವಿದೇಶದಿಂದ ತರಿಸುವುದಾದರೆ ನಾನು ಹೇಳಿದ ಫ್ರೆಂಚ್ ಗಿಟಾರಿಗೆ ಆಮದು ಸುಂಕ ಸೇರುವ ಮೊದಲೇ ಎರಡು ಲಕ್ಷ ರೂಪಾಯಿ ಮೀರುತ್ತದೆ. ಕೆನಡಾದ ಗೊಡಾನ್ ಸಂಸ್ಥೆಯ ಮಲ್ಟಿಊದ್ ಕೂಡ ಮೆಟ್ಟಿಲ್ಲದ್ದೇ, ಆದರೆ ಅದು ನೈಲಾನ್ ತಂತಿಯ ಹನ್ನೊಂದು ತಂತಿಗಳ ವಾದ್ಯ, ಅರಬ್ಬರ ಊದ್‌ಗೆ ಹತ್ತಿರದ್ದು. ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಅದರಿಂದ ನಿರೀಕ್ಷಿಸಬಾರದು. ಮೊದಲ ಬಾರಿಗೆ ಈ ವಾದ್ಯಕ್ಕೆ ಕೈಹಾಕುವವರು ಇಷ್ಟು ಹಣ ಸುರಿಯಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆರು ತಿಂಗಳು ಅಭ್ಯಾಸ ಮಾಡಿದ ಮೇಲೆ ಈ ವಾದ್ಯ ತಮಗೆ ಬೇಕೋ ಬೇಡವೋ ಎಂಬುದು ತಿಳಿಯುತ್ತದೆ, ಅದಕ್ಕಿಂತ ಮೊದಲು ಯಾರಿಗೂ ತಿಳಿಯುವುದಿಲ್ಲ.

ಆ ಆರು ತಿಂಗಳಿಗೆ ನಾನು ಸೂಚಿಸುವ ದಾರಿ ಹೀಗಿದೆ. ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಗಿಟಾರುಗಳಲ್ಲಿ ನೆಕ್ ಅನ್ನು ಅಂಟಿಸಿರುವುದಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಅಂತಹ ಒಂದು ಸಾಧಾರಣ ಬೆಲೆಯ, ಬಳಸಿದ ಗಿಟಾರನ್ನು ಕೊಂಡು, ಅದಕ್ಕೆ ಹೊಂದುವ ಇನ್ನೊಂದು ನೆಕ್ ಅನ್ನು ಬೇರೆಯಾಗಿ ಕೊಳ್ಳಿ. ಮೆಟ್ಟಿಲ್ಲದೆಯೇ ತಯಾರಾದ ನೆಕ್ ಸಿಕ್ಕರೆ ಸರಿ. ಸಿಗದಿದ್ದರೆ ಎರಡನೆಯ ನೆಕ್‌ನ ಮೆಟ್ಟುಗಳನ್ನು ತೆಗೆಸಿ. ಮನಸ್ಸು ಬದಲಾದರೆ ಹಳೆಯ ನೆಕ್ ಅನ್ನು ಮತ್ತೆ ಬಿಗಿದರಾಯಿತು, ಗಿಟಾರು ಮೊದಲಿನಂತಾಗುತ್ತದೆ. ನೆಕ್ ಅಂಟಿಸಿದ ಗಿಟಾರನ್ನು ಮಾತ್ರ ಈ ಪ್ರಯೋಗಕ್ಕೆ ಬಲಿಕೊಡಬೇಡಿ.

ಮೆಟ್ಟು ತೆಗೆಯುವ ಕೆಲಸ ಹೊರನೋಟಕ್ಕೆ ಇಕ್ಕಳದಿಂದ ಮೊಳೆ ಕಿತ್ತಂತೆ ಕಾಣುತ್ತದೆ, ಹಾಗಲ್ಲ. ಮೆಟ್ಟನ್ನು ಬೆಸುಗೆಯ ಕಡ್ಡಿಯಿಂದ ಬಿಸಿ ಮಾಡಿ, ಬಾಯಿ ಚಪ್ಪಟೆಯಾಗಿ ಉಜ್ಜಿದ ಇಕ್ಕಳದಿಂದ ನಿಧಾನವಾಗಿ ಎತ್ತಬೇಕು, ಇಲ್ಲದಿದ್ದರೆ ಮರ ಚಕ್ಕೆಯೇಳುತ್ತದೆ. ಖಾಲಿಯಾದ ಗೀರುಗಳಿಗೆ ತೆಳುವಾದ ಮರದ ಪಟ್ಟಿಯನ್ನು ಅಂಟಿಸಿ ತುಂಬಬೇಕು. ತುಂಬದೆ ಬಿಟ್ಟರೆ ನೆಕ್ ತಂತಿಯ ಎಳೆತಕ್ಕೆ ಬಾಗುತ್ತದೆ. ಆ ಪಟ್ಟಿ ಬಿಳಿಯ ಮೇಪಲ್ ಮರದ್ದಾದರೆ ಕಪ್ಪು ಹಲಗೆಯ ಮೇಲೆ ಬಿಳಿ ಗೆರೆಗಳು ಉಳಿಯುತ್ತವೆ, ಕಣ್ಣಿಗೆ ದಾರಿ ತೋರಿಸುತ್ತವೆ. ಗೆರೆಗಳಿರುವ ನೆಕ್ ಕೊಳ್ಳುವುದು ಅವಮಾನವೆಂದು ತಿಳಿಯುವವರಿದ್ದಾರೆ. ಪಿಟೀಲಿನವರಿಗೆ ಗೆರೆ ಬೇಡವಲ್ಲ ಎಂಬುದು ಅವರ ವಾದ. ಪಿಟೀಲಿನ ತಂತಿಯ ಉದ್ದ ಸುಮಾರು 328 ಮಿಲಿಮೀಟರು, ಅಂದರೆ ನಮ್ಮ ಗಿಟಾರಿನ ತಂತಿಯ ಅರ್ಧ, ಹನ್ನೆರಡನೆಯ ಗೆರೆಯಿಂದ ಬ್ರಿಡ್ಜಿನವರೆಗಿನಷ್ಟು. ಅಲ್ಲಿ ಕೈ ಒಂದೆಡೆ ನೆಲೆನಿಂತರೆ ನಾಲ್ಕು ಬೆರಳುಗಳಿಗೆ ಸ್ವರಗಳು ದಕ್ಕುತ್ತವೆ. ಗಿಟಾರಿನಲ್ಲಿ ಕೈ ಇಡೀ ದೂರ ಓಡಾಡಬೇಕು. ಗೆರೆಗಳಿರಲಿ, ಕಿವಿ ಬೆಳೆದಂತೆ ಕಣ್ಣು ತಾನೇ ಅವನ್ನು ಬಿಡುತ್ತದೆ.

ನನ್ನ ಮೊದಲ ಗಿಟಾರಿನ ಕಥೆಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದೇ ತಪ್ಪು ಇನ್ನೂ ಹಲವರಿಗೆ ಆಗುತ್ತಿದೆ. ಒಂದು ಕಾರ್ಯಾಗಾರದಲ್ಲಿ ಮೆಟ್ಟು ತೆಗೆಸಿಕೊಂಡು ಮನೆಗೆ ತಂದೆ. ಮೊದಲ ಮೂರು ನಾಲ್ಕು ಸ್ವರಗಳನ್ನು ಒತ್ತಲು ಬೆರಳು ನೋಯುವಷ್ಟು ಬಲ ಬೇಕಾಗುತ್ತಿತ್ತು, ಒತ್ತಿದರೆ ಸ್ವರ ಏರುತ್ತಿತ್ತು. ಒಂದು ವರ್ಷ ಪೂರ್ತಿ ಇದು ನನ್ನ ಕಿವಿಯ ದೋಷವೆಂದೇ ತಿಳಿದು ದುಃಖಪಟ್ಟೆ. ವಾಸ್ತವದಲ್ಲಿ ಆಗಿದ್ದು ಇಷ್ಟೇ: ಮೆಟ್ಟುಗಳು ಸುಮಾರು ಒಂದು ಮಿಲಿಮೀಟರು ಎತ್ತರವಿದ್ದವು, ಅವುಗಳನ್ನು ತೆಗೆದ ಮೇಲೆ ತಂತಿ ಹಲಗೆಯಿಂದ ಅಷ್ಟು ಮೇಲಕ್ಕೆ ಉಳಿಯಿತು, ನಟ್‌ನಲ್ಲಿ ತಂತಿ ಕೂರುವ ಗೀರುಗಳನ್ನು ಆಳ ಮಾಡುವುದನ್ನು ಕೆಲಸದವರು ಮರೆತಿದ್ದರು. ಮೆಟ್ಟಿಲ್ಲದ ಗಿಟಾರಿನಲ್ಲಿ ನಟ್ ಬಳಿ ತಂತಿ ಮತ್ತು ಹಲಗೆಯ ನಡುವೆ ಒಂದು ಕಾಗದ ತೂರುವಷ್ಟು ಜಾಗ ಮಾತ್ರ ಇರಬೇಕು. ಹನ್ನೆರಡನೆಯ ಗೆರೆಯ ಮೇಲೆ ಒಂದೂವರೆ ಮಿಲಿಮೀಟರಿನ ಆಸುಪಾಸು. ಬ್ರಿಡ್ಜ್ ಅಷ್ಟು ಕೆಳಗಿಳಿಯದಿದ್ದರೆ ನೆಕ್ ಕೂರುವ ಗುಂಡಿಯಲ್ಲಿ ತೆಳುವಾದ ಪಟ್ಟಿಯೊಂದನ್ನು ಇಟ್ಟು ನೆಕ್‌ನ ಕೋನವನ್ನು ಬದಲಿಸಬೇಕು.

ಅದೇ ಗಿಟಾರಿನಲ್ಲಿ ಇನ್ನೊಂದು ಮೋಸವೂ ಇತ್ತು. ನೆಕ್‌ನ ಅಂಚಿನಲ್ಲಿ ವಾದಕನಿಗೆ ಕಾಣುವಂತೆ ಬಿಳಿ ಚುಕ್ಕೆಗಳಿರುತ್ತವೆ. ಮೆಟ್ಟಿರುವ ಗಿಟಾರಿನಲ್ಲಿ ಅವು ಎರಡು ಮೆಟ್ಟುಗಳ ನಡುವೆ ಇರುತ್ತವೆ, ಏಕೆಂದರೆ ಬೆರಳು ಕೂರುವುದು ಅಲ್ಲಿ. ಮೆಟ್ಟು ತೆಗೆದ ಮೇಲೆ ಸ್ವರ ಇರುವುದು ಗೆರೆಯ ಮೇಲೆ, ಚುಕ್ಕೆ ಇರುವುದು ಅದರ ಹಿಂದೆ. ಚುಕ್ಕೆ ನೋಡಿ ಬೆರಳಿಟ್ಟರೆ ಪ್ರತಿಯೊಂದು ಸ್ವರವೂ ಇಳಿದೇ ಬರುತ್ತದೆ. ಮೆಟ್ಟಿಲ್ಲದ್ದಾಗಿಯೇ ತಯಾರಾದ ನೆಕ್‌ನಲ್ಲಿ ಚುಕ್ಕೆ ಸರಿಯಾಗಿ ಗೆರೆಯ ನೇರಕ್ಕಿದೆಯೇ ಎಂಬುದನ್ನು ನೋಡಿಕೊಳ್ಳಿ. ಮೆಟ್ಟು ತೆಗೆಸಿದ ನೆಕ್ ಆದರೆ ಹಳೆಯ ಚುಕ್ಕೆಗಳನ್ನು ಮುಚ್ಚಿಸಿ ಗೆರೆಯ ನೇರಕ್ಕೆ ಹೊಸದನ್ನು ಹಾಕಿಸಿ.

ಹಲಗೆಯ ಮರದ ಬಗ್ಗೆ ಒಂದೆರಡು ಮಾತು. ಜಗತ್ತಿನ ಅಸಂಖ್ಯ ಗಿಟಾರುಗಳ ಫಿಂಗರ್‌ಬೋರ್ಡು ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಬೀಟೆ ಮರದ್ದು. ಮೆಟ್ಟಿರುವಾಗ ತಂತಿ ಅದನ್ನು ಮುಟ್ಟುವುದೇ ಕಡಿಮೆ. ಮೆಟ್ಟಿಲ್ಲದಾಗ ಉಕ್ಕಿನ ತಂತಿ ನೇರವಾಗಿ ಮರದ ಮೇಲೆ ಉಜ್ಜುತ್ತದೆ, ಮೊದಲ ಎರಡು ಸಣ್ಣ ತಂತಿಗಳಂತೂ ಚಾಕುವಿನಂತೆ ಗೀರುತ್ತವೆ. ಕರಾವಳಿಯ ಮಳೆಗಾಲದಲ್ಲಿ ತುಕ್ಕು ಹಿಡಿದ ತಂತಿಯಾದರೆ ಅರದಂತೆಯೇ ಕೆಲಸ ಮಾಡುತ್ತದೆ. ಎಬೊನಿ ಬೀಟೆಗಿಂತ ಗಟ್ಟಿ, ಹೆಚ್ಚು ಬಾಳುತ್ತದೆ. ಬೀಟೆಯಾದರೆ ಮೇಲೆ ಎಪಾಕ್ಸಿಯ ಅಥವಾ ಸೂಪರ್‌ಗ್ಲೂವಿನ ಗಟ್ಟಿ ಪದರ ಹಾಕಿಸಿ ನುಣುಪು ಮಾಡಿಸುವುದು ಅಗತ್ಯ. ಇದರಿಂದ ನಾದದ ಆಯುಷ್ಯವೂ ಕೂಡಿಬರುತ್ತದೆ. ಗಾಜು, ಲೋಹ ಎಲ್ಲಕ್ಕಿಂತ ಹೆಚ್ಚು ಕಾಲ ನಾದ ಹಿಡಿಯುತ್ತವೆ, ಬೆಲೆಯೂ ಹಾಗೆಯೇ ಏರುತ್ತದೆ.

ತಂತಿಯ ವಿಷಯದಲ್ಲಿ ರಾಜಿ ಬೇಡ. ಗಿಟಾರಿನ ಜೊತೆ ಬರುವ ಸಣ್ಣ ತಂತಿಗಳನ್ನು ಆ ದಿನವೇ ತೆಗೆದುಹಾಕಿ, ಚಪ್ಪಟೆ ಸುತ್ತಿನ ತಂತಿಗಳನ್ನು ಹಾಕಿಕೊಳ್ಳಿ. ಫ್ಲ್ಯಾಟ್‌ವೌಂಡ್ ಎಂದು ಕೇಳಿದರೆ ಕೊಡುತ್ತಾರೆ. ಮೊದಲ ತಂತಿ 0.011 ಅಥವಾ 0.012 ಇಂಚಿನದ್ದಾಗಿರಲಿ, ಮೂರನೆಯ ತಂತಿಯೂ ಸುತ್ತಿದ್ದೇ ಆಗಿರಲಿ. ದಪ್ಪ ತಂತಿಗೆ ಭಾರ ಹೆಚ್ಚು, ಮೀಟಿದಾಗ ಶಕ್ತಿ ಹೆಚ್ಚು ಹೊತ್ತು ಉಳಿಯುತ್ತದೆ. ಬೆರಳು ಜಾರುವಾಗ ಒರಟು ಸುತ್ತು ಮಾಡುವ ಕರಕರ ಸದ್ದೂ ಇಲ್ಲವಾಗುತ್ತದೆ, ಹಲಗೆಯೂ ಉಳಿಯುತ್ತದೆ.

ಆಂಪ್ಲಿಫೈಯರಿನಲ್ಲಿ ನಾದವನ್ನು ಉಬ್ಬಿಸಿ ಒರಟಾಗಿಸುವ ಓವರ್‌ಡ್ರೈವ್ ಅಥವಾ ಸದ್ದಿನ ಏರಿಳಿತವನ್ನು ತಗ್ಗಿಸುವ ಕಂಪ್ರೆಸರ್ ಅನ್ನು ಸ್ವಲ್ಪ ಇಟ್ಟರೆ ಸಾಯುವ ನಾದ ಇನ್ನಷ್ಟು ಹೊತ್ತು ಬದುಕುತ್ತದೆ, ಹೆಚ್ಚಾದರೆ ಬೆರಳಿನ ಉಜ್ಜಾಟವೂ ದೊಡ್ಡದಾಗಿ ಕೇಳುತ್ತದೆ. ಬಲಗೈಯಲ್ಲಿ ಹಿಡಿಯುವ ಈ-ಬೋ ಎಂಬ ಪುಟ್ಟ ಸಾಧನವೊಂದಿದೆ. ತಂತಿಯನ್ನು ಮುಟ್ಟದೆ, ಕಾಂತಶಕ್ತಿಯಿಂದ ಅದನ್ನು ಕಂಪಿಸುತ್ತಲೇ ಇರುವಂತೆ ಮಾಡುತ್ತದೆ. ಒಂದು ಬಾರಿಗೆ ಒಂದೇ ತಂತಿ. ಆದರೆ ಅದರಲ್ಲಿ ಎಳೆದ ಆಲಾಪ ಪಿಟೀಲಿನ ಕಮಾನಿಗೆ ಬಹಳ ಹತ್ತಿರ ಬರುತ್ತದೆ. ಹಣವಿದ್ದರೆ ಗಿಟಾರಿಗಿಂತ ಮೊದಲು ಇದಕ್ಕೆ ಖರ್ಚು ಮಾಡಿ ಎಂದೇ ಹೇಳುತ್ತೇನೆ.

ನುಡಿಸುವಾಗ ಗಿಟಾರು ಬಲ್ಲವರು ಮೊದಲು ಬಿಡಬೇಕಾದ ಅಭ್ಯಾಸ ಬೆರಳನ್ನು ಗೆರೆಯ ಹಿಂದೆ ಇಡುವುದು. ಬೆರಳ ತುದಿಯ ನಡುಭಾಗ ಗೆರೆಯ ಮೇಲೆಯೇ ಬರಬೇಕು. ನಟ್ ಬಳಿ ಅರ್ಧ ಸ್ವರದ ದೂರ 36 ಮಿಲಿಮೀಟರಾದರೆ ಹನ್ನೆರಡನೆಯ ಗೆರೆಯ ಬಳಿ ಅದು 19ಕ್ಕೆ ಇಳಿಯುತ್ತದೆ. ಹಾಗಾಗಿ ಮೇಲೆ ಹೋದಂತೆ ತಪ್ಪಿಗೆ ಬೆಲೆ ಹೆಚ್ಚು: ಅಲ್ಲಿ ಒಂದು ಮಿಲಿಮೀಟರು ತಪ್ಪಿದರೆ ಸ್ವರ ಐದು ಸೆಂಟ್ ತಪ್ಪುತ್ತದೆ. ಕಂಪನ ಕೊಡುವುದಕ್ಕೆ ತಂತಿಯನ್ನು ಅಡ್ಡಕ್ಕೆ ಎಳೆಯಬೇಡಿ, ಅದು ಮೆಟ್ಟಿನ ವಾದ್ಯದ ರೂಢಿ, ವೀಣೆಯ ರೂಢಿ. ಇಲ್ಲಿ ಬೆರಳನ್ನು ತಂತಿಯ ಉದ್ದಕ್ಕೆ ಪಿಟೀಲಿನವರಂತೆ ಹೊರಳಿಸಬೇಕು.

ಕಾರ್ಡ್‌ಗಳ ಬಗ್ಗೆ ಅನೇಕರಿಗೆ ಆಸೆಯಿರುತ್ತದೆ. ಎ ಮೇಜರ್ ಕಾರ್ಡ್ ಹಿಡಿಯಲು ಮೂರು ಬೆರಳುಗಳು ಎರಡನೆಯ ಮನೆಯಲ್ಲಿ ಒತ್ತೊತ್ತಾಗಿ ಕೂರಬೇಕು. ಮೆಟ್ಟಿದ್ದರೆ ಅವುಗಳಲ್ಲಿ ಒಂದು ಸ್ವಲ್ಪ ಹಿಂದಿದ್ದರೂ ನಡೆಯುತ್ತದೆ. ಮೆಟ್ಟಿಲ್ಲದಾಗ ಮೂರೂ ಒಂದೇ ಗೆರೆಯ ಮೇಲೆ ನಿಲ್ಲಲು ಜಾಗವೇ ಇಲ್ಲ. ಒಂದೇ ಬೆರಳನ್ನು ಅಡ್ಡಕ್ಕೆ ಮಲಗಿಸಿ ಒತ್ತಬಹುದು, ಆದರೂ ಮೆಟ್ಟಿನ ಗಿಟಾರಿನ ಆ ಝಲ್ಲೆನ್ನುವ ನಾದ ಬರುವುದಿಲ್ಲ. ಎರಡು ತಂತಿಗಳ ಷಡ್ಜ-ಪಂಚಮ, ಸ್ಥಾಯಿ ಜೋಡಿಗಳು ಚೆನ್ನಾಗಿ ಕೇಳುತ್ತವೆ. ಹಾಡಿಗೆ ಕಾರ್ಡ್ ಬಾರಿಸುವುದೇ ನಿಮ್ಮ ಉದ್ದೇಶವಾಗಿದ್ದರೆ ಈ ವಾದ್ಯವನ್ನು ಕೊಳ್ಳಬೇಡಿ.

ಸ್ವಲ್ಪ ಹೊತ್ತಿನ ಹಿಂದೆ ಒಬ್ಬ ಹುಡುಗಿ ಚೀಟಿ ಕಳುಹಿಸಿದ್ದಾಳೆ: "ನಾನು ಗಿಟಾರು ಕಲಿತಿಲ್ಲ, ಹಾಡುತ್ತೇನೆ, ಇದನ್ನು ನೇರವಾಗಿ ಕಲಿಯಬಹುದೇ?" ಕಲಿಯಬಹುದು, ಮಗಳೇ, ಮತ್ತು ಗಿಟಾರು ಕಲಿತವರಿಗಿಂತ ಬೇಗ ಕಲಿಯುತ್ತೀಯ. ಬೆರಳಿಗೆ ಕಲಿತದ್ದನ್ನು ಮರೆಯುವ ಕೆಲಸ ನಿನಗಿಲ್ಲ. ತಪ್ಪಿದರೆ ಮೊದಲು ನೋಯುವುದು ನಿನ್ನ ಕಿವಿಗೆ, ಅದೇ ಬೇಕಾದದ್ದು. ಒಂದೇ ತಂತಿಯಿಂದ ಆರಂಭಿಸು. ತಂಬೂರಿ ಇರಲಿ, ಇಲ್ಲದಿದ್ದರೆ ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಾದರೂ ಇರಲಿ. ಶ್ರುತಿ ತೋರಿಸುವ ಟ್ಯೂನರನ್ನು ಖಾಲಿ ತಂತಿ ಕೂಡಿಸುವುದಕ್ಕೆ ಮಾತ್ರ ಬಳಸು. ಅದರ ಸೂಜಿ ನೋಡಿ ಗಾಂಧಾರ ಹಿಡಿದರೆ ಆ ನಾಲ್ಕು ಮಿಲಿಮೀಟರುಗಳ ತಪ್ಪಿಗೇ ಮರಳುತ್ತೀಯ. ಮೊದಲ ದಿನಗಳಲ್ಲಿ ಷಡ್ಜ, ಪಂಚಮ, ತಾರ ಷಡ್ಜ ಇಷ್ಟೇ. ಆಮೇಲೆ ಸರಳೆ ವರಸೆಯನ್ನು, ಹಾಡಿಕೊಂಡೇ, ವಿಳಂಬದಲ್ಲಿ.

ಎಡಗೈಗೆ ದಾರಿ ತೋರಲು ತಂತಿಯೇ ಒಂದು ಸಹಾಯ ಮಾಡುತ್ತದೆ. ತಂತಿಯನ್ನು ಒತ್ತದೆ, ಐದನೆಯ ಒಂದು ಭಾಗದಲ್ಲಿ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿದರೆ ಗಂಟೆಯಂತಹ ಒಂದು ಸ್ವರ ಹೊರಡುತ್ತದೆ. ಹಾರ್ಮೋನಿಕ್ ಎನ್ನುವುದು ಇದಕ್ಕೆ. ಅದು ಎರಡು ಸ್ಥಾಯಿ ಮೇಲಿನ ಅಂತರ ಗಾಂಧಾರ. ಗಿಟಾರಿನವರಿಗೆಲ್ಲ ಗೊತ್ತು, ನಾಲ್ಕನೆಯ ಮೆಟ್ಟಿನ ಬಳಿಯ ಈ ಹಾರ್ಮೋನಿಕ್ ಮೆಟ್ಟಿನ ನೇರಕ್ಕೆ ಸಿಗುವುದಿಲ್ಲ, ಸ್ವಲ್ಪ ನಟ್ ಕಡೆಗೆ ಸಿಗುತ್ತದೆ. ಆ "ಸ್ವಲ್ಪ" ಎಂಬುದೇ ನಾವು ಅಳೆದ ನಾಲ್ಕು ಮಿಲಿಮೀಟರು. ಗಂಟೆ ಸ್ಪಷ್ಟವಾಗಿ ಕೇಳಿದ ಜಾಗದಲ್ಲಿಯೇ ಬೆರಳನ್ನು ಕೆಳಗೆ ಒತ್ತಿ. ತಂಬೂರಿಯ ಗಾಂಧಾರ ನಿಮ್ಮ ಕೈಯಲ್ಲಿರುತ್ತದೆ. ಪಂಚಮಕ್ಕೂ ಮಧ್ಯಮಕ್ಕೂ ಇದೇ ಪರೀಕ್ಷೆ ನಡೆಯುತ್ತದೆ.

ಇಷ್ಟಾದ ಮೇಲೂ ರಾಗದಲ್ಲಿ ಸ್ವರ ಒಂದೆಡೆ ನಿಲ್ಲುವುದಿಲ್ಲವೆಂಬುದು ನಿಮಗೆಲ್ಲ ಗೊತ್ತೇ ಇದೆ. ತೋಡಿಯ ಗಾಂಧಾರ ರಿಷಭ ಮಧ್ಯಮಗಳ ನಡುವೆ ತೂಗುತ್ತದೆ. ಖಾಲಿ ತಂತಿಯನ್ನು ಷಡ್ಜ ಮಾಡಿಕೊಂಡರೆ ಶುದ್ಧ ರಿಷಭ 40 ಮಿಲಿಮೀಟರಿನಲ್ಲಿ, ಮಧ್ಯಮ 162ರಲ್ಲಿ. ಆ ಗಮಕಕ್ಕೆ ಕೈ ಪ್ರತಿ ಬಾರಿ ಹನ್ನೆರಡು ಸೆಂಟಿಮೀಟರು ಓಡಬೇಕು, ಸ್ವರ ತೂಗುವ ಬದಲು ಜಾರುಬಂಡೆಯಾಡುತ್ತದೆ. ಹನ್ನೆರಡನೆಯ ಗೆರೆಯನ್ನು ಷಡ್ಜ ಮಾಡಿಕೊಂಡರೆ ಅದೇ ಓಟ ಆರು ಸೆಂಟಿಮೀಟರಿಗೆ ಇಳಿಯುತ್ತದೆ, ಮುಂಗೈ ಅಲುಗಿದರೆ ಸಾಕು. ಮೈಸೂರಿನಲ್ಲಿ ಹುಟ್ಟಿದ ರವಿಕಿರಣ್ ಅವರ ಚಿತ್ರವೀಣೆಯನ್ನು ನೋಡಿದವರು, ಮೆಟ್ಟಿಲ್ಲದ ತಂತಿಯ ಮೇಲೆ ಉರುಟಾದ ಕೊರಡನ್ನು ಎಷ್ಟು ಕಡಿಮೆ ದೂರ ಸರಿಸಿ ಎಷ್ಟು ದೊಡ್ಡ ಗಮಕವನ್ನು ತರಬಹುದೆಂಬುದನ್ನು ಕಂಡಿರುತ್ತೀರಿ. ಈಗ ತೋಡಿಯ ಆ ಒಂದೇ ಸಂಚಾರವನ್ನು ಎರಡು ಸಲ ನುಡಿಸುತ್ತೇನೆ: ಮೊದಲು ಖಾಲಿ ತಂತಿಯ ಷಡ್ಜದಿಂದ, ಆಮೇಲೆ ಹನ್ನೆರಡನೆಯ ಗೆರೆಯಿಂದ. ನನ್ನ ಬೆರಳನ್ನು ನೋಡಬೇಡಿ, ಕಣ್ಣು ಮುಚ್ಚಿ ಗಾಂಧಾರವನ್ನಷ್ಟೇ ಕೇಳಿ.